ತಂಗುದಾಣದ ರೇಡಿಯೊ, ಮೂವರು ಜನಪ್ರತಿನಿಧಿಗಳು: ಗಡಿನಾಡಿನ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಒಂದು ಊರು. ಅಲ್ಲಿ ಬಸ್ ತಂಗುದಾಣ, ಅದರ ಮಾಳಿಗೆಯಲ್ಲಿ ಗ್ರಂಥಾಲಯ. ಗ್ರಂಥಾಲಯದ ರೇಡಿಯೊಗೆ ಒಂದು ವಯರ್ ಎಳೆದು ಕೆಳಗಿನ ಸ್ಪೀಕರಿಗೆ ಜೋಡಿಸಿದ್ದರು. ಬೆಳಗ್ಗೆ ಅದರಲ್ಲಿ ಕರ್ನಾಟಕ ಶಾಸ್ತ್ರೀಯ ಸಂಗೀತ ಬರುತ್ತಿತ್ತು. ಅದು ಬರಬೇಕೋ ಬೇಡವೋ ಎಂಬುದೇ ಪ್ರಶ್ನೆ. ಇಷ್ಟು ಸಣ್ಣ ವಿಷಯ ಮುಗಿಯಲು ಆರೇಳು ತಿಂಗಳು ಹಿಡಿಯಿತು.

ಆಗ ನಾನು ಆ ಗ್ರಂಥಾಲಯದ ಕಾರ್ಯದರ್ಶಿ. ಶಾಲೆಯಲ್ಲಿ ಪಾಠ ಮಾಡುವವನು, ಹಾಗಾಗಿ ಊರಿಗೆಲ್ಲ ಮಾಸ್ಟ್ರು. ಊರಿನ ಹೆಸರು, ಪಕ್ಷಗಳ ಹೆಸರು, ಜನರ ಹೆಸರು ಇಲ್ಲಿ ಬರುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಬೇರೆ ಊರಿನ ಗ್ರಂಥಾಲಯದವರಿಗೂ ಸಂಗೀತ ಸಭೆಯವರಿಗೂ ಇಂಥದ್ದೇ ಸಂದರ್ಭ ಬರಬಹುದು. ನಾವು ಮಾಡಿದ ತಪ್ಪು ಅವರು ಮಾಡುವುದು ಬೇಡ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಕಡೆ ರೇಡಿಯೊದ ಮುಳ್ಳು ಯಾವತ್ತೂ ಎರಡು ಕಡೆ ನೋಡುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಕಿವಿ ಮಾತ್ರ ಕನ್ನಡದ ಕಡೆಗೇ ಉಳಿಯಿತು. ಹಿರಿಯರು ಮೊದಲು ಧಾರವಾಡ, ಕೋಝಿಕ್ಕೋಡು ಎಂದು ಹುಡುಕುತ್ತಿದ್ದರು. ಎರಡೂ 1950ರಲ್ಲಿ ಶುರುವಾದ ನಿಲಯಗಳು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಬಂದ ಮೇಲೆ ಅದೇ ಮನೆಯ ರೇಡಿಯೊ ಆಯಿತು. 1991ರಲ್ಲಿ ಕಣ್ಣೂರು ನಿಲಯ ಬಂತು. ಈಗ ಎಫ್‌ಎಂನಲ್ಲಿ ಮಂಗಳೂರು 100.3, ಕಣ್ಣೂರು 101.5. ಹಳೆಯ ಸೆಟ್ಟಿನ ಡಯಲಿನಲ್ಲಿ ಇವೆರಡರ ನಡುವೆ ಒಂದು ಬೆರಳಿನಷ್ಟೂ ಅಂತರ ಇಲ್ಲ. ಮುಳ್ಳು ಸ್ವಲ್ಪ ಸರಿದರೆ ಸಾಕು, ಭಾಷೆ ಬದಲಾಗುತ್ತದೆ.

ಗ್ರಂಥಾಲಯದ ರೇಡಿಯೊ ಯಾರು ಕೊಟ್ಟದ್ದೆಂದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಬೆಳಗ್ಗೆ ಬೀಗ ತೆಗೆಯುವ ಹುಡುಗ ಅದನ್ನು ಹಾಕುತ್ತಿದ್ದ. ಮಂಗಳೂರು ಸ್ಟೇಷನ್, ಚಿಂತನ, ಸಂಗೀತ, ಏಳು ಮೂವತ್ತೈದರ ದೆಹಲಿ ವಾರ್ತೆ. ವಾರ್ತೆ ಮುಗಿದ ಮೇಲೆ ಆಫ್. ಸಂಜೆ ಪುನಃ ಸ್ವಲ್ಪ ಹೊತ್ತು. ಕೆಳಗೆ ತಂಗುದಾಣದ ಕಂಬಕ್ಕೆ ಒಂದು ಹಳೆಯ ಹಾರ್ನ್ ಕಟ್ಟಿದ್ದರು. ನಮ್ಮ ಊರಿನಲ್ಲಿ ಅದಕ್ಕೆ ಮೈಕ ಎನ್ನುತ್ತಾರೆ. ಕರೆಂಟ್ ಬಿಲ್ಲು ಪಂಚಾಯತಿನದ್ದು.

ನನಗೆ ಆ ಸಂಗೀತ ಎಂದರೆ ಪ್ರಾಣ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಾನು ತೆಗೆದುಕೊಂಡ ನಿರ್ಧಾರಗಳಲ್ಲಿ ಅದರ ಪಾಲು ಇದೆ.

ತಕರಾರು ಹುಟ್ಟಿದ್ದು

2015ರ ಸ್ಥಳೀಯ ಚುನಾವಣೆಯಲ್ಲಿ ನಮ್ಮ ವಾರ್ಡಿಗೆ ಹೊಸ ಮೆಂಬರ್ ಬಂದರು. ಪ್ರಾಯ ಕಡಿಮೆ. ಬೀಡಿ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿ ಬೆಳೆದವರು. ಪ್ರಾಮಾಣಿಕರು, ಕೆಲಸದಲ್ಲಿ ಚುರುಕು. 2017ರ ಆರಂಭದಲ್ಲಿ ತಂಗುದಾಣ ರಿಪೇರಿಗೆ ಪಂಚಾಯತಿನಿಂದ ಹಣ ಬಂತು. ಅದರಲ್ಲಿ ಹೊಸ ಆಂಪ್ಲಿಫಯರಿಗೂ ಒಂದು ಪಾಲು ಇತ್ತು. ಪಟ್ಟಿ ಮಾಡುವಾಗ ಅವರು ನೇರವಾಗಿ ಕೇಳಿದರು.

“ಮಾಸ್ಟ್ರೇ, ಪಂಚಾಯತಿನ ದುಡ್ಡಿನಲ್ಲಿ ಮೈಕ ಹಾಕುವುದು ಸರಿ. ಅದರಲ್ಲಿ ಬೆಳಗ್ಗೆ ಬರುವ ಆ ಸಂಗೀತ ಯಾರಿಗೆ? ಅದು ದೇವಸ್ಥಾನದ ಒಳಗೆ ಕೂತುಕೊಳ್ಳುವವರ ಸಂಗೀತ. ನನ್ನ ಅಜ್ಜಿ ಹೊರಗೆ ನಿಂತವರು.”

ನಾನು ಅಲ್ಲೇ ಏನೋ ಉತ್ತರ ಕೊಟ್ಟೆ. ಸಂಗೀತಕ್ಕೆ ಜಾತಿ ಇಲ್ಲ ಎಂದೋ ಏನೋ. ಈಗ ನೆನೆದರೆ ಬೇಸರವಾಗುತ್ತದೆ. ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಪ್ರದೇಶ ಆಗ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿ ದೇವಸ್ಥಾನ ಪ್ರವೇಶಕ್ಕೆ ಪೂರ್ತಿ ಕಾನೂನು ಬಂದದ್ದು 1947ರಲ್ಲಿ. ಅವರ ಅಜ್ಜಿಯ ಯೌವನ ಅದಕ್ಕಿಂತ ಮೊದಲಿನದು. ಉತ್ಸವದ ಸಂಗೀತ ಕಚೇರಿ ನಡೆಯುತ್ತಿದ್ದದ್ದು ದೇವಸ್ಥಾನದ ಗೋಡೆಯ ಆಚೆ. ಅಜ್ಜಿ ನಿಂತಿದ್ದದ್ದು ಗೋಡೆಯ ಈಚೆ.

ಅದೇ ಹೊತ್ತಿಗೆ ಇನ್ನೊಬ್ಬರು ಎದ್ದು ನಿಂತರು. ಪಂಚಾಯತಿನಲ್ಲಿ ಪ್ರತಿಪಕ್ಷದ ಹಿರಿಯ ಸದಸ್ಯರು. ದೊಡ್ಡ ದನಿ, ದೊಡ್ಡ ಪರಿಚಯ. ಅವರ ಮಾತು ಸಂಗೀತದ ಪರ. “ನಮ್ಮ ಸಂಸ್ಕೃತಿ, ನಮ್ಮ ಪರಂಪರೆ. ಅದನ್ನು ನಿಲ್ಲಿಸಲು ಇವರು ಯಾರು? ಸಂಗೀತ ಇನ್ನೂ ಜಾಸ್ತಿ ಆಗಬೇಕು, ಸಿನಿಮಾ ಹಾಡು ನಿಲ್ಲಬೇಕು.” ನನಗೆ ಖುಷಿಯಾಯಿತು. ನಮ್ಮ ಕಡೆಗೆ ಒಬ್ಬ ಜನಪ್ರತಿನಿಧಿ ಸಿಕ್ಕಿದರು ಎಂದುಕೊಂಡೆ.

ಮೂರನೆಯವರು ಪಂಚಾಯತ್ ಪ್ರೆಸಿಡೆಂಟ್. ಮಲಯಾಳ ಮಾತಾಡುವ ಮನೆಯವರು, ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಅವರಿಗೆ ಸಂಗೀತದ ಪರ ವಿರೋಧ ಎರಡೂ ಇರಲಿಲ್ಲ. ಜಗಳ ಬೇಡ ಎಂಬುದು ಒಂದೇ.

ಈ ಮೂರು ನಿಲುವು ನಮ್ಮ ಊರಿನದ್ದು ಮಾತ್ರ ಅಲ್ಲ. ದೇಶದ ರೇಡಿಯೊ ಚರಿತ್ರೆಯಲ್ಲೂ ಇವೇ ಕಾಣುತ್ತವೆ. ಆ ಕಡೆಗೆ ಆಮೇಲೆ ಬರುತ್ತೇನೆ.

ಮೊದಲ ಪ್ರಯತ್ನ: ಮನವಿ

ನಾವು ಮನವಿ ಬರೆದೆವು. ಸಂಗೀತ ಪ್ರೇಮಿಗಳು ನಾಲ್ಕೈದು ಜನ ಕೂತು, ಎರಡು ಸಂಜೆ. ತುಂಬಾ ಚಂದದ ಕನ್ನಡ. ನಾದ, ಸಂಸ್ಕಾರ, ಮುಂದಿನ ಪೀಳಿಗೆ ಎಲ್ಲ ಅದರಲ್ಲಿತ್ತು. 1952ರಿಂದ 1962ರ ತನಕ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರ ಉದಾಹರಣೆಯನ್ನೂ ಹಾಕಿದೆವು. ರೇಡಿಯೊದಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಜಾಗ ಕೊಟ್ಟವರು, ಅಂಥ ನಾಯಕರು ನಮಗೂ ಬೇಕು ಎಂದು. ಮನೆ ಮನೆಗೆ ಹೋಗಿ ಸಹಿ ಮಾಡಿಸಿದೆವು. ಮೂರು ಹಾಳೆ ತುಂಬಿತು.

ಪ್ರೆಸಿಡೆಂಟರ ಕೋಣೆಯಲ್ಲಿ ಮನವಿ ಕೊಟ್ಟಾಗ ಮೆಂಬರೂ ಅಲ್ಲಿದ್ದರು. ಅವರು ಮನವಿ ಓದಲಿಲ್ಲ. ನೇರ ಸಹಿಯ ಹಾಳೆ ತೆಗೆದರು. ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತ ಹೋದರು. ಭಟ್, ಭಟ್, ಶರ್ಮ, ರಾವ್, ಭಟ್, ಪೈ, ಭಟ್. ದನಿಯಲ್ಲಿ ಕುಚೋದ್ಯ ಇರಲಿಲ್ಲ. ಹಾಜರಿ ಕರೆದ ಹಾಗೆ ಓದಿದರು. ಮೊದಲ ಹಾಳೆ ಮುಗಿಸಿ ನನ್ನನ್ನು ನೋಡಿದರು.

“ಮಾಸ್ಟ್ರೇ, ಇದು ಊರಿನ ಸಹಿಯಾ, ಎರಡು ಓಣಿಯ ಸಹಿಯಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಹೋದದ್ದು ನಮಗೆ ಗೊತ್ತಿದ್ದ ಮನೆಗಳಿಗೆ. ಸಂಗೀತ ಇಷ್ಟಪಡುವವರು ಎಂದು ನಾವೇ ಊಹಿಸಿದ್ದ ಮನೆಗಳಿಗೆ. ತಂಗುದಾಣದ ಹಿಂದಿನ ಕಾಲನಿಗೆ ಹೋಗಲಿಲ್ಲ. ಎದುರಿನ ಅಂಗಡಿ ಸಾಲಿನಲ್ಲಿ ಕೇಳಲಿಲ್ಲ. ಮೈಕ ಇದ್ದದ್ದು ಅಲ್ಲಿ, ಸಹಿ ಬಂದದ್ದು ಇಲ್ಲಿಂದ. ನಮ್ಮ ಮನವಿಯೇ ಅವರ ಮಾತಿಗೆ ಸಾಕ್ಷಿಯಾಯಿತು.

ಆ ದಿನ ಹಿಂದೆ ಬರುವಾಗ ನಮ್ಮ ಜೊತೆಗಿದ್ದ ನಿವೃತ್ತ ಪೋಸ್ಟ್ ಮಾಸ್ಟರೊಬ್ಬರು ಇನ್ನೊಂದು ಮಾತು ಹೇಳಿದರು. ಕೇಸ್ಕರ್ ಹೆಸರು ಹಾಕಿದ್ದು ಅವರಿಗೆ ಸರಿ ಕಂಡಿರಲಿಲ್ಲ. “ನಾನು ಆಗ ಶಾಲೆಗೆ ಹೋಗುವ ಹುಡುಗ ಮಾರಾಯ್ರೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆ ಮಾಡಿದರು. ನಾವು ಸಂಗೀತ ಕೇಳಿದೆವಾ? ಇಲ್ಲ. ಪೇಟೆಯ ಹೋಟೆಲಿನ ಹೊರಗೆ ನಿಂತು ರೇಡಿಯೊ ಸಿಲೋನ್ ಕೇಳಿದೆವು. ಬುಧವಾರ ರಾತ್ರಿ ಬಿನಾಕಾ ಗೀತಮಾಲಾ, ಪೂರ್ತಿ ಸಿನಿಮಾ ಹಾಡು.”

ಅವರು ಹೇಳಿದ್ದು ಪೂರ್ತಿ ನಿಜ. ಕೇಸ್ಕರ್ ಸಂಗೀತ ಬಲ್ಲವರು. ಅರಮನೆಗಳ ಆಶ್ರಯ ಹೋದ ಮೇಲೆ ವಿದ್ವಾಂಸರಿಗೆ ರೇಡಿಯೊ ಅನ್ನ ಕೊಟ್ಟಿತು, ಅದರಲ್ಲಿ ಅವರ ಪಾಲು ದೊಡ್ಡದು. 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಲ್ಲಿ ಆಕಾಶವಾಣಿ ಸಂಗೀತ ಸಮ್ಮೇಳನ ಅವರ ಕಾಲದಲ್ಲೇ ಶುರುವಾದವು. ಆದರೆ ಜನರಿಗೆ ಯಾವುದು ಒಳ್ಳೆಯದೆಂದು ತಾನೇ ನಿರ್ಧರಿಸುತ್ತೇನೆ ಎಂಬ ಹಟವೂ ಅವರಿಗಿತ್ತು. ಸಿನಿಮಾ ಹಾಡಿನ ಪಾಲು ಕಡಿತವಾಯಿತು. ನಿರ್ಮಾಪಕರ ಜೊತೆ ಜಗಳವಾಯಿತು. ಕೇಳುಗರು ರೇಡಿಯೊ ಸಿಲೋನಿಗೆ ಹೋದರು. ಕೊನೆಗೆ 1957ರ ಅಕ್ಟೋಬರ್ 3ರಂದು ಸರಕಾರವೇ ಸಿನಿಮಾ ಹಾಡಿಗೆ ಜಾಗ ಕೊಡುವ ವಿವಿಧ ಭಾರತಿ ಶುರುಮಾಡಬೇಕಾಯಿತು. ಹಿಂದೂಸ್ಥಾನಿ ಸಂಗೀತ ಕೆಟ್ಟದ್ದು ಮುಸ್ಲಿಂ ಗಾಯಕರ ಕೈಗೆ ಹೋದದ್ದರಿಂದ ಎಂಬ ಅಭಿಪ್ರಾಯವೂ ಕೇಸ್ಕರರಿಗಿತ್ತು. ಸಂಗೀತವನ್ನು ಪ್ರೀತಿಸುವ ರಾಜಕಾರಣಿ ಸಂಗೀತಕ್ಕೆ ಯಾವಾಗಲೂ ಒಳ್ಳೆಯದೇ ಮಾಡುತ್ತಾರೆ ಎಂದು ನಾನು ನಂಬಿದ್ದೆ. ಆ ನಂಬಿಕೆ ಆ ದಿನ ಸ್ವಲ್ಪ ಅಲ್ಲಾಡಿತು.

ಕೇಸ್ಕರರಿಗಿಂತ ಮೊದಲೇ ಇಂಥದ್ದು ನಡೆದಿತ್ತು. 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು ರೇಡಿಯೊದಿಂದ ತೆಗೆದರು. ಆ ನಿಷೇಧ ಮೂರು ದಶಕ ನಡೆಯಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಸರ್ದಾರ್ ಪಟೇಲರು ಈ ಖಾತೆ ನೋಡುತ್ತಿದ್ದಾಗ, ‘ಖಾಸಗಿ ಬದುಕು ಸರಿಯಿಲ್ಲದ’ ಗಾಯಕಿಯರಿಗೆ ಬಾಗಿಲು ಹಾಕಿದರು. ಅಂದರೆ ದೇವದಾಸಿ ಮನೆತನದವರಿಗೆ, ಉತ್ತರ ಭಾರತದಲ್ಲಿ ಹಾಡು ಕುಣಿತವನ್ನೇ ವೃತ್ತಿ ಮಾಡಿಕೊಂಡಿದ್ದ ತವಾಯಫ್ ಮನೆತನದವರಿಗೆ. ನೂರಾರು ವರ್ಷ ಸಂಗೀತ ಉಳಿಸಿಕೊಂಡು ಬಂದವರೇ ಹೊರಗೆ. ನಮ್ಮ ಮೆಂಬರ್ ಅಜ್ಜಿ ಹೊರಗೆ ನಿಂತವರು ಎಂದು ಹೇಳಿದ್ದು ಇದನ್ನೇ ಅಲ್ವಾ?

ಎರಡನೆಯ ತಿರುವು: ಬೇಡವೆಂದ ಸಹಾಯ

ಏಪ್ರಿಲಿನಲ್ಲಿ ವಾತಾವರಣ ಬಿಸಿಯಾಯಿತು. ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಸುಗ್ರೀವಾಜ್ಞೆಯನ್ನು ಕೇರಳ ಸರಕಾರ ತಂದಿತು. ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಾನೂ ಹೋದೆ. ಅದು ನ್ಯಾಯದ ಹೋರಾಟ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಆ ವಾರವೇ ಹಿರಿಯ ಸದಸ್ಯರು ಮನೆಗೆ ಬಂದರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ವಿಷಯ ತೆಗೆದರು. “ಮಾಸ್ಟ್ರೇ, ಸಂಗೀತ ಎಂದು ಹೇಳಿದರೆ ಜನ ಬರುವುದಿಲ್ಲ. ಮಂಗಳೂರು ಸ್ಟೇಷನ್ ನಿಲ್ಲಿಸಿ ಕಣ್ಣೂರು ಹಾಕುತ್ತಾರೆ ಎಂದು ಹೇಳುವ. ನಾನು ನೂರು ಜನ ತರುತ್ತೇನೆ. ಒಂದೇ ದಿನದಲ್ಲಿ ಕೆಲಸ ಆಗುತ್ತದೆ. ಬೆಳಗ್ಗೆ ಸಂಗೀತಕ್ಕೆ ಮೊದಲು ಮೈಕದಲ್ಲಿ ನಾನು ಎರಡು ಮಾತು ಆಡುತ್ತೇನೆ, ಅಷ್ಟೇ.”

ಒಂದು ರಾತ್ರಿ ಪೂರ್ತಿ ಯೋಚಿಸಿದೆ. ಈ ಪ್ರಕರಣದಲ್ಲಿ ನನಗೆ ಅತಿ ಕಷ್ಟದ ಘಳಿಗೆ ಅದು. ಅವರು ಹೇಳಿದ ಹಾಗೆ ಮಾಡಿದ್ದರೆ ನಾವು ಗೆಲ್ಲುತ್ತಿದ್ದೆವು, ಅದರಲ್ಲಿ ಅನುಮಾನ ಇಲ್ಲ. ಕನ್ನಡಕ್ಕಾಗಿ ಬರುವ ಜನ ನಿಜವಾಗಿಯೂ ಬರುತ್ತಿದ್ದರು.

ಆದರೆ ಎರಡು ವಿಷಯ ಮನಸ್ಸನ್ನು ಕೊರೆಯಿತು. ಒಂದು, ಮಂಗಳೂರು ತೆಗೆದು ಕಣ್ಣೂರು ಹಾಕಬೇಕೆಂದು ಯಾರೂ ಹೇಳಿರಲಿಲ್ಲ. ಮೆಂಬರ್ ಕೇಳಿದ್ದು ಸಂಗೀತದ ಬಗ್ಗೆ. ಅವರ ಮನೆಮಾತೂ ಮಲಯಾಳ ಅಲ್ಲ, ತುಳು. ಆಗದ ಅನ್ಯಾಯವನ್ನು ಆಗಿದೆ ಎಂದು ಹೇಳಿದರೆ ನಿಜವಾದ ಭಾಷಾ ಹೋರಾಟಕ್ಕೇ ಪೆಟ್ಟು. ಎರಡು, ಬೆಳಗ್ಗೆ ಕೇಳುವ ಕೀರ್ತನೆಗಳಲ್ಲಿ ಹೆಚ್ಚಿನವು ತೆಲುಗು, ಕೆಲವು ಸಂಸ್ಕೃತ, ತಮಿಳು. ಪುರಂದರದಾಸರ ಪದ ಕನ್ನಡ, ಸ್ವಾತಿ ತಿರುನಾಳ್ ತಿರುವಾಂಕೂರಿನ ದೊರೆ. ಇದನ್ನು ಒಂದು ಭಾಷೆಯ ಬಾವುಟ ಮಾಡಿದರೆ ತಂಗುದಾಣದಲ್ಲಿ ಬಸ್ಸಿಗೆ ಕಾಯುವ ಅರ್ಧ ಜನರಿಗೆ ನಾಳೆಯಿಂದ ಅದು ಬೇರೆಯವರ ಸಂಗೀತ.

ಆ ಹಿರಿಯರು ಯಾವತ್ತಾದರೂ ಆ ಸಂಗೀತ ಕೇಳಿದ್ದು ಉಂಟಾ ಎಂದೂ ಯೋಚಿಸಿದೆ. ತಂಗುದಾಣದಲ್ಲಿ ಎಷ್ಟೋ ಸಲ ಅವರನ್ನು ಕಂಡಿದ್ದೆ. ಸಂಗೀತ ನಡೆಯುವಾಗ ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದರು. ಒಂದು ಸಲವೂ ದನಿ ತಗ್ಗಿಸಿದ್ದು ನೋಡಿಲ್ಲ.

ಮರುದಿನ ಅವರಿಗೆ ಬೇಡ ಎಂದೆ. ಅವರಿಗೆ ಬೇಸರವಾಯಿತು. ನಮ್ಮ ಸಮಿತಿಯಲ್ಲೇ ಇಬ್ಬರು ನನ್ನ ಜೊತೆ ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಆ ಬೆಲೆ ತೆರಬೇಕಾಯಿತು.

ಮೈಕ ನಿಂತ ತಿಂಗಳು

ಜೂನ್ ಆರಂಭದಲ್ಲಿ ಪ್ರೆಸಿಡೆಂಟ್ ಮೆಂಬರನ್ನೂ ನನ್ನನ್ನೂ ಕರೆದರು. ರಿಪೇರಿ ಹೇಗೂ ಶುರುವಾಗುತ್ತದೆ, ಹಳೆಯ ಹಾರ್ನ್ ಇಳಿಸಲೇಬೇಕು. “ಒಂದು ತಿಂಗಳು ಎಂತದೂ ಬೇಡ. ಸಂಗೀತವೂ ಬೇಡ, ಸಿನಿಮಾ ಹಾಡೂ ಬೇಡ. ಯಾರು ಬಂದು ಕೇಳುತ್ತಾರೆ ನೋಡುವ. ಕೇಳಿದವರ ಹೆಸರು ಬರೆದಿಡಿ” ಎಂದರು. ಗ್ರಂಥಾಲಯದ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟೆವು. ಇದು ಇಡೀ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ. ಅದು ಬಂದದ್ದು ಸಂಗೀತದ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದವರಿಂದ.

ಮಳೆಗಾಲದ ಆ ತಿಂಗಳು ಪೂರ್ತಿ ತಂಗುದಾಣದಲ್ಲಿ ಮಳೆಯ ಸದ್ದು ಮಾತ್ರ.

ಮನವಿಗೆ ಸಹಿ ಹಾಕಿದವರಲ್ಲಿ ಬಂದು ಕೇಳಿದವರು ಬೆರಳೆಣಿಕೆಯಷ್ಟು. ಅವರ ಮನೆಯಲ್ಲಿ ರೇಡಿಯೊ ಇದೆ, ಮೊಬೈಲ್ ಇದೆ. 2016ರಲ್ಲಿ ಆಕಾಶವಾಣಿ ರಾಗಂ ಎಂಬ ಇಪ್ಪತ್ತನಾಲ್ಕು ಗಂಟೆಯ ಸಂಗೀತ ವಾಹಿನಿಯನ್ನೇ ಶುರುಮಾಡಿದೆ. ಇಂಟರ್ನೆಟ್ ಇದ್ದವರಿಗೆ ಯಾವ ಹೊತ್ತಿಗೂ ಸಿಗುತ್ತದೆ. ಮೈಕ ನಿಂತದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಕೇಳಿಕೊಂಡು ಬಂದವರು ಬೇರೆಯೇ ಜನ.

ಮೊದಲು ಬಂದದ್ದು ಎದುರು ಸಾಲಿನ ಟೈಲರ್. ಬ್ಯಾರಿ ಮನೆತನದವರು, ಪ್ರಾಯ ಆದವರು. ಅವರಿಗೆ ರಾಗಗಳ ಹೆಸರು ಗೊತ್ತಿರಲಿಲ್ಲ. ಆದರೆ ಒಂದೊಂದಕ್ಕೂ ಅವರದೇ ಗುರುತು ಇತ್ತು. “ಆ ಮೇಲೆ ಮೇಲೆ ಹೋಗಿ ನಿಲ್ಲುವುದು ಉಂಟಲ್ಲ ಮಾಸ್ಟ್ರೇ, ಅದು ಯಾವಾಗ ಬರ್ತದೆ?” ಎಂದು ಕೇಳಿದರು.

ನಂತರ ದೋಲು, ನಾಗಸ್ವರದ ತಂಡದವರೊಬ್ಬರು. ಭೂತದ ಕೋಲಕ್ಕೆ, ಮದುವೆಗೆ ನಾಗಸ್ವರ ಊದುವವರು. ಮೂರನೆಯ ದಿನವೇ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಗುರು ಎಂದು ಯಾರೂ ಇರಲಿಲ್ಲ. ಅಪ್ಪ ಕಲಿಸಿದ ಅಷ್ಟು ನುಡಿಗಳು ಮಾತ್ರ. ಉಳಿದದ್ದು ಈ ಮೈಕದಿಂದ. ಬಸ್ಸಿಗೆ ಬೇಗ ಬಂದು ಕಂಬದ ಕೆಳಗೆ ಕೂರುತ್ತಿದ್ದರಂತೆ. ಪಿಟೀಲಿನವರೋ ಕೊಳಲಿನವರೋ ರಾಗ ಆಲಾಪನೆ ಮಾಡುವಾಗ ಬೆರಳನ್ನು ಮೊಣಕಾಲಿನ ಮೇಲೆ ಆಡಿಸುತ್ತ ಕೇಳುವುದು. ನಾನು ಎಷ್ಟೋ ಸಲ ಅವರನ್ನು ಹಾಗೆ ನೋಡಿದ್ದೆ. ಬಸ್ಸಿಗೆ ಕಾಯುತ್ತಿದ್ದಾರೆ ಎಂದುಕೊಂಡಿದ್ದೆ.

ಮೂರನೆಯವರು ತಂಗುದಾಣದ ಹಿಂದಿನ ಮನೆಯ ಅಕ್ಕ. ಬೀಡಿ ಕಟ್ಟುವವರು. ವಾರಕ್ಕೊಮ್ಮೆ ಪೇಪರಿನ ಕಟ್ಟು ಕೊಂಡುಹೋಗಲು ಬರುತ್ತಾರೆ. ಆ ದಿನ ತುಳುವಿನಲ್ಲಿ ಕೇಳಿದ್ದು ಇಷ್ಟು: “ಮಾಸ್ಟ್ರೇ, ಆ ಪಿಟೀಲು ಯಾಕೆ ನಿಲ್ಲಿಸಿದ್ದು?”

ಸಂಗೀತ ಇಷ್ಟವಾ ಅಕ್ಕ ಎಂದೆ. ಹಾಡು ಅಷ್ಟಿಲ್ಲ, ಪಿಟೀಲು ಬೇಕು ಎಂದರು. ಯಾಕೆಂದು ವಿವರವಾಗಿ ಹೇಳಿದರು. ಬೀಡಿಯನ್ನು ಇಪ್ಪತ್ತೈದಕ್ಕೆ ಒಂದು ಕಟ್ಟು ಮಾಡಬೇಕು. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುವಾಗ ಒಂದು ಕಡಿಮೆ ಬಿದ್ದರೂ ಲೆಕ್ಕ ತಪ್ಪುತ್ತದೆ. ಮಾತು ಇರುವ ಹಾಡು ಬಂದರೆ ಮನಸ್ಸು ಮಾತಿನ ಹಿಂದೆ ಹೋಗುತ್ತದೆ, ಎಣಿಕೆ ಬಿಟ್ಟುಹೋಗುತ್ತದೆ. ಸಿನಿಮಾ ಹಾಡಾದರೆ ಇನ್ನೂ ಜಾಸ್ತಿ, ಬಾಯಿಯಲ್ಲಿ ಹಾಡು ಬಂದುಬಿಡುತ್ತದೆ. ಪಿಟೀಲಿಗೆ ಮಾತಿಲ್ಲ. ಕೈ ಕೆಲಸ ಮಾಡುತ್ತದೆ, ಎಣಿಕೆ ನಡೆಯುತ್ತದೆ, ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಮೊಬೈಲ್ ಮನೆಯಲ್ಲಿ ಉಂಟು, ಆದರೆ ಎರಡು ಕೈಗೂ ಹೊಗೆಸೊಪ್ಪಿನ ಹುಡಿ. ಮುಟ್ಟಲು ಆಗುವುದಿಲ್ಲ. ಮೈಕವಾದರೆ ಮುಟ್ಟಬೇಕೆಂದೇ ಇಲ್ಲ.

ಮೂವತ್ತು ವರ್ಷದಿಂದ ಸಂಗೀತ ಕೇಳುತ್ತಿದ್ದೇನೆ. ವಾದ್ಯ ಸಂಗೀತಕ್ಕೆ ಇಂಥದ್ದೊಂದು ಕಾರಣ ಯಾವ ವಿದ್ವಾಂಸರ ಬಾಯಲ್ಲೂ ಕೇಳಿರಲಿಲ್ಲ.

ನೋಟುಪುಸ್ತಕದಲ್ಲಿ ಸಂಗೀತ ಬೇಡವೆಂದು ಬರೆಸಿದವರೂ ಇದ್ದರು, ಅದನ್ನು ಮುಚ್ಚಿಡಬಾರದು. ಮೆಡಿಕಲ್ ಅಂಗಡಿಯವರು, ಪರೀಕ್ಷೆಗೆ ಓದುವ ಇಬ್ಬರು ಹುಡುಗಿಯರು, ಇನ್ನೂ ಕೆಲವರು. ಕಾರಣ ಕೇಳಿದಾಗ ಹೆಚ್ಚಿನವರು ಹೇಳಿದ್ದು ಒಂದೇ, ಬೊಬ್ಬೆ. ಇಲ್ಲಿ ನಮಗೆ ಇನ್ನೊಂದು ವಿಷಯ ಹೊಳೆಯಿತು. ಆ ಹಾರ್ನಿನಲ್ಲಿ ತಗ್ಗು ಸ್ವರ ಬರುವುದೇ ಇಲ್ಲ. ತಂಬೂರಿ ಕೇಳುವುದಿಲ್ಲ. ಮೃದಂಗದ ಎಡಭಾಗ ಮಾಯವಾಗಿ ಬಲಭಾಗದ ಟಕಟಕ ಮಾತ್ರ ಉಳಿಯುತ್ತದೆ. ಪಿಟೀಲು ಕಿವಿಗೆ ಚುಚ್ಚುತ್ತದೆ. ಅದು ಭಾಷಣಕ್ಕೆ, ಮೆರವಣಿಗೆಗೆ ಮಾಡಿದ ಸಾಮಾನು. ನಾವು ಮನೆಯಲ್ಲಿ ಒಳ್ಳೆಯ ಸೆಟ್ಟಿನಲ್ಲಿ ಕೇಳುವವರು, ಅದಕ್ಕೇ ಇದು ನಮಗೆ ಗೊತ್ತಾಗಿರಲಿಲ್ಲ. ಜನ ಬೇಡವೆಂದದ್ದು ಅರ್ಧ ಸಂಗೀತವನ್ನು, ಅರ್ಧ ಹಾರ್ನನ್ನು.

ಮಹಾಸಭೆ ಮತ್ತು ತೀರ್ಮಾನ

ಜುಲೈಯಲ್ಲಿ ಗ್ರಂಥಾಲಯದ ಮಹಾಸಭೆ ಕರೆದೆವು. ನೋಟುಪುಸ್ತಕವನ್ನು ನಾನು ಓದಬಾರದು, ಮೆಂಬರೇ ಓದಲಿ ಎಂದು ಕೇಳಿಕೊಂಡೆ. ಮನವಿಯ ಸಹಿ ಓದಿದ ಹಾಗೆಯೇ ಒಂದೊಂದೇ ಹೆಸರು ಓದಿದರು. ಈ ಸಲ ಹೆಸರುಗಳು ಬೇರೆ. ಬೀಡಿಯ ಅಕ್ಕನ ಹೆಸರು ಬಂದಾಗ ನಿಲ್ಲಿಸಿದರು. ಅವರ ಸಂಘದ ಸದಸ್ಯೆ. ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮೆಂಬರ್ ತುಳುವಿನಲ್ಲಿ ಕೇಳಿದರು, ಅಕ್ಕ ಇಪ್ಪತ್ತೈದರ ಲೆಕ್ಕವನ್ನು ಪುನಃ ಹೇಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಆ ಲೆಕ್ಕ ಅಲ್ಲಿದ್ದ ಹೆಚ್ಚಿನ ಮನೆಗಳಿಗೆ ಗೊತ್ತು.

ಮೆಂಬರ್ ಆಡಿದ ಮಾತನ್ನು ಬರೆದಿಟ್ಟಿದ್ದೇನೆ. “ಆ ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕೇಳುವವರು ಯಾರು ಎಂದು ನಾನು ತಿಳಿದದ್ದು ತಪ್ಪು.” ಅವರು ಸಂಗೀತಾಭಿಮಾನಿ ಆಗಲಿಲ್ಲ. ಆಗಬೇಕೆಂದು ನಮಗೆ ಹಕ್ಕೂ ಇರಲಿಲ್ಲ. ಗೋಡೆಯ ಆಚೆ ನಡೆಯುತ್ತಿದ್ದ ಸಂಗೀತವನ್ನು ಬೀದಿಗೆ ತಂದದ್ದು ರೇಡಿಯೊ. ಆ ಅಜ್ಜಿ ಕೇಳದಿದ್ದದ್ದನ್ನು ಈ ಅಕ್ಕ ಕೇಳಿದ್ದು ರೇಡಿಯೊದಿಂದ. ಇದನ್ನು ನಾನು ಎಷ್ಟು ಸಲ ಹೇಳಿದರೂ ಅವರು ಒಪ್ಪುತ್ತಿರಲಿಲ್ಲ. ಅಕ್ಕ ಈ ಮಾತು ಹೇಳದೆಯೇ ಅವರಿಗೆ ಗೊತ್ತಾಯಿತು.

ಹಿರಿಯ ಸದಸ್ಯರೂ ಬಂದಿದ್ದರು. ಸಂಸ್ಕೃತಿಯ ಬಗ್ಗೆ ಸುಮಾರು ಹೊತ್ತು ಮಾತಾಡಿದರು. ನಾಗಸ್ವರದವರು ಎದ್ದು ವಿನಯದಿಂದ ಒಂದು ಮಾತು ಕೇಳಿದರು: “ಅಣ್ಣ, ಸಂಗೀತದ ಮೊದಲು ಭಾಷಣ ಇರ್ತದಾ? ಇದ್ದರೆ ನಾನು ಆಮೇಲೆ ಬರ್ತೇನೆ.” ಭಾಷಣದ ಪ್ರಸ್ತಾಪ ಅಲ್ಲಿಗೆ ನಿಂತಿತು.

ತೀರ್ಮಾನ ಹೀಗಾಯಿತು. ಹಾರ್ನ್ ಬೇಡ. ಮಾಡಿನ ಕೆಳಗೆ, ಒಳಮುಖವಾಗಿ ಎರಡು ಸಣ್ಣ ಬಾಕ್ಸ್ ಸ್ಪೀಕರ್. ಒಂದನ್ನು ಹಿಂದಿನ ಮನೆಗಳ ಕಡೆಗೆ ಸ್ವಲ್ಪ ತಿರುಗಿಸಿ ಇಡುವುದು. ಬೆಳಗ್ಗೆ ಮಂಗಳೂರು, ವಾರ್ತೆಯ ತನಕ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಕಣ್ಣೂರು, ಹಾಡು ಬಂದರೆ ಹಾಡು, ಮಾತು ಬಂದರೆ ಮಾತು. ಪರೀಕ್ಷೆಯ ತಿಂಗಳಲ್ಲಿ ಮಧ್ಯಾಹ್ನದ್ದು ಬೇಡ. ಮುಳ್ಳು ಸರಿಯಾಗಿ ನಿಲ್ಲಲಿ ಎಂದು ಡಯಲಿನ ಗಾಜಿನ ಮೇಲೆ ಉಗುರುಬಣ್ಣದಲ್ಲಿ ಎರಡು ಚುಕ್ಕೆ ಇಟ್ಟೆವು. ಕೆಂಪು ಮಂಗಳೂರಿಗೆ, ಗುಲಾಬಿ ಕಣ್ಣೂರಿಗೆ. ಅದಕ್ಕೆ ಪ್ರೆಸಿಡೆಂಟರ ಮಗಳ ಉಗುರುಬಣ್ಣ.

ನಾವು ಕಳೆದುಕೊಂಡದ್ದೂ ಇದೆ. ಸಂಜೆಯ ಸಂಗೀತ ಹೋಯಿತು. ವಾರಕ್ಕೊಮ್ಮೆಯಾದರೂ ರಾತ್ರಿಯ ಪೂರ್ಣ ಕಚೇರಿ ಹಾಕಬೇಕೆಂಬ ನನ್ನ ಆಸೆ ಚರ್ಚೆಗೇ ಬರಲಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಧ್ವನಿವರ್ಧಕ ಹಾಕುವಂತಿಲ್ಲ, ಅದು ಸರಿಯೂ ಹೌದು. ಆದರೂ ಆ ಆಸೆ ನನ್ನಲ್ಲಿ ಹಾಗೇ ಉಳಿದಿದೆ.

ಇಂಥ ವಿಷಯ ಕೈಗೆತ್ತಿಕೊಳ್ಳುವವರು ಕೇಳಿದರೆ ನಾನು ಹೇಳುವುದು ಮುಖ್ಯವಾಗಿ ಮನವಿಯ ಬಗ್ಗೆ. ಅದನ್ನು ಪ್ರೀತಿ ಜಾಸ್ತಿ ಇದ್ದವರ ಹತ್ತಿರ ಮಾತ್ರ ಒಯ್ಯಬೇಡಿ. ಬೇರೆ ದಾರಿ ಇಲ್ಲದವರ ಹತ್ತಿರ ಒಯ್ಯಿರಿ. ವಿರೋಧಿಸುವ ಜನಪ್ರತಿನಿಧಿಯ ಹತ್ತಿರ ಒಂದು ಕಾರಣ ಇರುತ್ತದೆ, ಅದನ್ನು ಕೂತು ಕೇಳಿ. ನಮ್ಮ ಮೆಂಬರ್ ಹಾಗೆ ಎದುರಿಗೆ ಹೇಳುವವರು ಸಿಕ್ಕಿದರೆ ಅದು ಪುಣ್ಯ. ಜೋರಾಗಿ ಬೆಂಬಲಿಸುವವರು ಬಂದರೆ, ಅವರು ಆ ಸಂಗೀತವನ್ನು ಸುಮ್ನೆ ಕೂತು ಕೇಳಿದ್ದನ್ನು ನೀವು ಕಂಡಿದ್ದೀರಾ ಎಂದು ನೆನಪು ಮಾಡಿಕೊಳ್ಳಿ. ಇಷ್ಟನ್ನು ಮೊದಲೇ ಮಾಡಿದ್ದರೆ ನಮಗೆ ಆರೇಳು ತಿಂಗಳು ಬೇಕಾಗುತ್ತಿರಲಿಲ್ಲ.

ಈಗಿನ ಸ್ಥಿತಿ

ಆ ವ್ಯವಸ್ಥೆ ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ರಸ್ತೆ ಅಗಲ ಮಾಡುವ ಕೆಲಸ ಬಂತು. ತಂಗುದಾಣ, ಅದರ ಮೇಲಿನ ಗ್ರಂಥಾಲಯ ಎರಡೂ ಹೋದವು. ಗ್ರಂಥಾಲಯ ಈಗ ರಸ್ತೆಯ ಆಚೆ ಒಂದು ಬಾಡಿಗೆ ಕೋಣೆಯಲ್ಲಿದೆ. ಅಲ್ಲಿ ಸ್ಪೀಕರ್ ಹಾಕಲು ಜಾಗ ಇಲ್ಲ. ಹಿಂದಿನ ಸಾಲಿನ ಮನೆಗಳು ಉಳಿದವು.

ಸಾಮಾನು ಸಾಗಿಸುವ ದಿನ ಮೆಂಬರ್ ಬಂದಿದ್ದರು. ಆಗ ಅವರ ಅವಧಿ ಮುಗಿದಿತ್ತು, ಆದರೂ ಊರಿಗೆ ಅವರು ಮೆಂಬರೇ. ರೇಡಿಯೊ ಎತ್ತಿಕೊಂಡು, ಇದನ್ನು ಎಲ್ಲಿ ಇಡುವುದು ಮಾಸ್ಟ್ರೇ ಎಂದರು. ನಾನು ಹೇಳುವ ಮೊದಲೇ ಬೀಡಿಯ ಅಕ್ಕನ ಜಗಲಿಗೆ ಒಯ್ದು ಮೊರದ ಪಕ್ಕದ ಕಿಟಕಿಯಲ್ಲಿ ಇಟ್ಟರು. ಪ್ಲಗ್ ಹಾಕಿ, ಮುಳ್ಳನ್ನು ಕೆಂಪು ಚುಕ್ಕೆಗೆ ತಂದರು. ಗ್ರಂಥಾಲಯದ ಸೊತ್ತಾದ್ದರಿಂದ ಪುಸ್ತಕ ಕೊಡುವ ರಿಜಿಸ್ಟರಿನಲ್ಲೇ ಬರೆದೆವು: ರೇಡಿಯೊ, ಒಂದು. ಅಕ್ಕನ ಹೆಸರು, ಸಹಿ. ಹಿಂತಿರುಗಿಸುವ ದಿನಾಂಕದ ಕಾಲಮ್ ಇನ್ನೂ ಖಾಲಿ ಇದೆ.